ಆರು ದಿನ, ಒಂಬತ್ತು ಕಾಲೇಜು: ಅಷ್ಟನ್ನೂ ನೋಡಲೇಬೇಕಾ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್ ಹತ್ತಿರ ಇದ್ದೇವೆ. ಮಗ 11ನೇ ಕ್ಲಾಸ್, ಕಂಪ್ಯೂಟರ್ ಸೈನ್ಸ್ ಓದಬೇಕು ಅಂತಾನೆ. ಏಪ್ರಿಲ್ ಮೊದಲ ವಾರ ಅವನಿಗೆ ಸ್ಪ್ರಿಂಗ್ ಬ್ರೇಕ್. ಆ ಆರು ದಿನದಲ್ಲಿ ಎಂಐಟಿ, ಬಾಸ್ಟನ್ ಯೂನಿವರ್ಸಿಟಿ, ನಾರ್ತ್‌ಈಸ್ಟರ್ನ್, ಯುಮಾಸ್ ಆಮ್ಹರ್ಸ್ಟ್, ರಟ್ಗರ್ಸ್, ಯುಪೆನ್, ಡ್ರೆಕ್ಸೆಲ್, ಮೇರಿಲ್ಯಾಂಡ್, ವರ್ಜೀನಿಯಾ ಟೆಕ್ ಒಂಬತ್ತನ್ನೂ ನೋಡಿ ಮುಗಿಸೋಣ ಅಂತ ನನ್ನ ಪ್ಲಾನ್. "ಯೂಟ್ಯೂಬ್‌ನಲ್ಲೇ ಎಲ್ಲಾ ಸಿಗುತ್ತೆ, ಸುಮ್ನೆ ಯಾಕೆ ಅಲೆದಾಟ" ಅಂತಾರೆ ನಮ್ಮ ಯಜಮಾನರು. ಹೋಗಿ ನೋಡದಿದ್ದರೆ ಅಡ್ಮಿಷನ್‌ಗೆ ತೊಂದರೆಯಾಗುತ್ತಾ? ನಾವಿನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದೇವೆ, ಮಗ ಅವಲಂಬಿತರ ವೀಸಾ ಎಚ್-4. ಇನ್ನೊಂದು ವಿಷಯ, ಆ ಹೊತ್ತಿಗೆ ಊರಿಂದ ಅತ್ತೆ-ಮಾವ ಬಂದಿರುತ್ತಾರೆ. ಅವರನ್ನೂ ಕರೆದುಕೊಂಡು ಹೋಗಬಹುದಾ?

ಉತ್ತರ: ಒಂಬತ್ತು ಬೇಡ, ನಾಲ್ಕು ಸಾಕು. ಉಳಿದ ಐದನ್ನು ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅವನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ, ಕೆಲವನ್ನು ಅಡ್ಮಿಷನ್ ಸಿಕ್ಕಮೇಲೆ ನೋಡಿ.

ಮೊದಲು ಲೆಕ್ಕ ಹಾಕೋಣ. ಒಂದು ಕಾಲೇಜಿನಲ್ಲಿ ಇನ್ಫರ್ಮೇಷನ್ ಸೆಷನ್ ಹತ್ತಿರ ಹತ್ತಿರ ಒಂದು ಗಂಟೆ. ಆಮೇಲೆ ಟೂರ್ ಒಂದೂಕಾಲು, ಒಂದೂವರೆ ಗಂಟೆ. ಪಾರ್ಕಿಂಗ್ ಹುಡುಕುವುದು, ಆಫೀಸಿನವರೆಗೆ ನಡೆಯುವುದು ಸೇರಿಸಿದರೆ ಅರ್ಧ ದಿನ ಹೋಯಿತು. ದಿನಕ್ಕೆ ಎರಡು ಕಾಲೇಜು ಇಟ್ಟುಕೊಂಡರೆ ನೀವು ನೋಡುವುದು ಎರಡು ಅಡ್ಮಿಷನ್ ಆಫೀಸು, ಎರಡು ಕಾಲೇಜಲ್ಲ. ಇಂಥ ಪ್ರವಾಸ ಮಾಡಿ ಬಂದ ಎಷ್ಟೋ ಮಕ್ಕಳ ಜೊತೆ ನಾನು ಮಾತಾಡಿದ್ದೇನೆ. ಮೂರನೇ ದಿನದ ಹೊತ್ತಿಗೆ ಯಾವ ಲೈಬ್ರರಿ ಯಾವ ಕಾಲೇಜಿನದು ಅನ್ನುವುದೇ ಕಲಸುಮೇಲೋಗರ ಆಗಿರುತ್ತದೆ. ಒಬ್ಬ ಹುಡುಗ ಎರಡು ಕಾಲೇಜುಗಳನ್ನು ಬೆರೆಸಿ ಅರ್ಜಿಯ ಪ್ರಬಂಧದಲ್ಲೇ ಬರೆದುಬಿಟ್ಟಿದ್ದ. ಅವನು ಹೊಗಳಿದ ರೋಬೋಟಿಕ್ಸ್ ಲ್ಯಾಬ್ ಇದ್ದದ್ದು ಇನ್ನೊಂದು ಕಾಲೇಜಿನಲ್ಲಿ! ಕಳಿಸುವ ಮುಂಚೆ ಕಣ್ಣಿಗೆ ಬಿತ್ತು, ಬಚಾವಾದ.

ಇನ್ನೊಂದು ಮಾತು. ಟೂರ್ ಅನ್ನುವುದು ಹೆಣ್ಣು ನೋಡುವ ಶಾಸ್ತ್ರದ ಉಪ್ಪಿಟ್ಟು-ಕೇಸರಿಬಾತಿನ ಹಾಗೆ. ಚೆನ್ನಾಗಿಯೇ ಇರುತ್ತದೆ, ಆದರೆ ಆ ಮನೆಯಲ್ಲಿ ದಿನಾ ಏನು ಮಾಡುತ್ತಾರೆ ಅಂತ ಅದರಿಂದ ಗೊತ್ತಾಗುವುದಿಲ್ಲ. ತೋರಿಸುವ ರೂಮು ತೋರಿಸುವುದಕ್ಕೇ ಇಟ್ಟ ರೂಮು. ಗೈಡ್ ಆಗಿ ಬರುವ ಹುಡುಗ-ಹುಡುಗಿಯರು ತರಬೇತಿ ಪಡೆದವರು, ಕಾಲೇಜನ್ನು ನಿಜವಾಗಿಯೂ ಇಷ್ಟಪಡುವವರು. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಆದರೆ ನಿಮಗೆ ಬೇಕಿರುವುದು ಅಲ್ಲಿನ ಒಂದು ಮಾಮೂಲಿ ಮಂಗಳವಾರ. ಅದಕ್ಕೆ ಟೂರ್ ಮುಗಿದ ಮೇಲೆ ಎರಡು-ಮೂರು ಗಂಟೆ ಕೈಯಲ್ಲಿರಬೇಕು. ಒಂಬತ್ತು ಕಾಲೇಜಿನ ಪ್ಲಾನಿನಲ್ಲಿ ಆ ಎರಡು ಗಂಟೆಗೇ ಜಾಗ ಇಲ್ಲ.

ಹೋಗದಿದ್ದರೆ ಅಡ್ಮಿಷನ್‌ಗೆ ಪೆಟ್ಟಾ?

ಇದಕ್ಕೆ ಒಂದೇ ಉತ್ತರ ಇಲ್ಲ, ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಆದರೆ ಊಹೆ ಮಾಡುತ್ತ ಕೂರಬೇಕಿಲ್ಲ, ನೋಡಿ ತಿಳಿಯಬಹುದು. ಕಾಲೇಜಿನ ಹೆಸರಿನ ಮುಂದೆ "ಕಾಮನ್ ಡೇಟಾ ಸೆಟ್" ಅಂತ ಸೇರಿಸಿ ಹುಡುಕಿ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಈ ಕಡತ ಹಾಕುತ್ತವೆ. ಅದರಲ್ಲಿ ಸಿ7 ಅನ್ನುವ ಪಟ್ಟಿ ತೆಗೆಯಿರಿ. ಮಾರ್ಕ್ಸು, ಪ್ರಬಂಧ, ಶಿಫಾರಸು ಪತ್ರ ಹೀಗೆ ಯಾವುದಕ್ಕೆ ಎಷ್ಟು ಬೆಲೆ ಅಂತ ಕಾಲೇಜೇ ಟಿಕ್ ಹಾಕಿರುತ್ತದೆ. ಕೊನೆಯಲ್ಲಿ "ಅಭ್ಯರ್ಥಿಯ ಆಸಕ್ತಿ" ಅನ್ನುವ ಸಾಲಿದೆ. ಅದರ ಮುಂದೆ "ಪರಿಗಣಿಸುವುದಿಲ್ಲ" ಅನ್ನುವ ಕಾಲಂನಲ್ಲಿ ಗುರುತು ಇದ್ದರೆ ನೀವು ಹೋದರೂ ಒಂದೇ, ಬಿಟ್ಟರೂ ಒಂದೇ. ನಿಮ್ಮ ಪಟ್ಟಿಯಲ್ಲಿರುವ ಎಂಐಟಿ ಈ ಜಾತಿಗೆ ಸೇರಿದ್ದು, ಯಾರು ಭೇಟಿ ಕೊಟ್ಟರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳೂ ಹಾಗೇ.

"ಪರಿಗಣಿಸುತ್ತೇವೆ" ಅಥವಾ "ಮುಖ್ಯ" ಅಂತಿದ್ದರೂ ಗಾಬರಿ ಬೇಡ. ಆನ್‌ಲೈನ್ ಸೆಷನ್‌ಗೆ ಸೇರುವುದು, ಕಾಲೇಜಿನವರು ನಿಮ್ಮ ಹೈಸ್ಕೂಲಿಗೆ ಬಂದಾಗ ಹೋಗಿ ಮಾತಾಡಿಸುವುದು, ಇವೂ ಆಸಕ್ತಿಯ ಲೆಕ್ಕಕ್ಕೆ ಬರುತ್ತವೆ. ದೂರದ ಮಗು ಬರಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಆಸಕ್ತಿ ಅಳೆಯುವ ಕಾಲೇಜು ಮನೆಯಿಂದ ಒಂದು ಗಂಟೆ ದೂರದಲ್ಲೇ ಇದ್ದು, ಹುಡುಗ ಒಂದು ಸಲವೂ ತಲೆ ಹಾಕಿಲ್ಲ ಅಂದರೆ ಅದು ಅಷ್ಟು ಚೆನ್ನಾಗಿ ಕಾಣಲ್ಲ.

ಇಲ್ಲಿ ನಮ್ಮವರು ಮಾಡುವ ಎರಡು ಸಣ್ಣ ತಪ್ಪು ಹೇಳಿಬಿಡುತ್ತೇನೆ. ಒಂದು, ಟೂರ್‌ಗೆ ಅಮ್ಮನೋ ಅಪ್ಪನೋ ತಮ್ಮ ಇಮೇಲ್‌ನಿಂದ ರಿಜಿಸ್ಟರ್ ಮಾಡುವುದು. ಅರ್ಜಿ ಹೋಗುವುದು ಮಗನ ಇಮೇಲ್‌ನಿಂದ. ಎರಡೂ ಒಬ್ಬನದೇ ಅಂತ ಕಾಲೇಜಿಗೆ ಹೇಗೆ ಗೊತ್ತಾಗಬೇಕು? ಬಹಳ ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಯಾವ ಇಮೇಲ್ ಕೊಡುತ್ತಾನೋ ಅದರಿಂದಲೇ ಎಲ್ಲ ಕಡೆ ರಿಜಿಸ್ಟರ್ ಮಾಡಲಿ. ಎರಡು, ಹೆಸರಿನ ಗೊಂದಲ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಕೊನೆಗೆ, ಸ್ಕೂಲಿನಲ್ಲಿ ಇನಿಷಿಯಲ್, ಇನ್ನೊಂದು ಕಡೆ ಊರ ಹೆಸರು. ನಮ್ಮ ಮಕ್ಕಳ ಹೆಸರು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಅರ್ಜಿಯಲ್ಲಿ ಹಾಕುವ ಹೆಸರು ಯಾವುದು ಅಂತ ಈಗಲೇ ಗೊತ್ತು ಮಾಡಿಕೊಂಡು ಅದನ್ನೇ ಬಳಸಿ.

ನಿಮ್ಮ ಆರು ದಿನವನ್ನು ನಾನು ಹೇಗೆ ಹಂಚುತ್ತಿದ್ದೆ

ಏಪ್ರಿಲ್ ಮೊದಲ ವಾರ ಒಳ್ಳೆಯ ಸಮಯ. ನಿಮ್ಮ ಪಟ್ಟಿಯ ಕಾಲೇಜುಗಳ ಸ್ಪ್ರಿಂಗ್ ಬ್ರೇಕ್ ಸಾಮಾನ್ಯವಾಗಿ ಮಾರ್ಚ್‌ನಲ್ಲೇ ಮುಗಿದಿರುತ್ತದೆ, ಕ್ಯಾಂಪಸ್ ತುಂಬಿರುತ್ತದೆ. ಆದರೂ ಒಂದೊಂದರ ಅಕಾಡೆಮಿಕ್ ಕ್ಯಾಲೆಂಡರ್ ತೆಗೆದು ನೋಡಿ. ಖಾಲಿ ಕ್ಯಾಂಪಸ್ ನೋಡುವುದೂ ಒಂದೇ, ಬಾಗಿಲು ಹಾಕಿದ ಸಂತೆ ನೋಡುವುದೂ ಒಂದೇ. ಏಪ್ರಿಲ್‌ನಲ್ಲಿ ಇನ್ನೊಂದು ಗದ್ದಲ ಇದೆ. ಸೀಟು ಸಿಕ್ಕ 12ನೇ ಕ್ಲಾಸಿನ ಮಕ್ಕಳಿಗೆ ಹೆಚ್ಚಿನ ಕಡೆ ಮೇ 1 ಕೊನೆಯ ದಿನ. ಅವರೆಲ್ಲ ಇದೇ ತಿಂಗಳು ನೋಡಲು ಬರುತ್ತಾರೆ. ಹಾಗಾಗಿ ಟೂರ್‌ನ ಜಾಗ ಬೇಗ ಭರ್ತಿಯಾಗುತ್ತದೆ.

ಸೋಮವಾರ ಬೆಳಗ್ಗೆ ಹೊರಟರೆ ನಾಲ್ಕೂವರೆ, ಐದು ಗಂಟೆಯಲ್ಲಿ ಬಾಸ್ಟನ್. ಅವತ್ತು ಯಾವ ಟೂರೂ ಬೇಡ. ಮಂಗಳವಾರ ಬೆಳಗ್ಗೆ ನಾರ್ತ್‌ಈಸ್ಟರ್ನ್, ಸೆಷನ್ ಮತ್ತು ಟೂರ್ ಎರಡೂ. ಮಧ್ಯಾಹ್ನ ಅಲ್ಲೇ ಸುತ್ತಾಡಿ. ಸಂಜೆ ಹೊತ್ತಿಗೆ ಗ್ರೀನ್ ಲೈನ್‌ನ ಬಿ ಟ್ರಾಮ್ ಹತ್ತಿದರೆ ಅದು ಕಾಮನ್‌ವೆಲ್ತ್ ಅವೆನ್ಯೂ ಉದ್ದಕ್ಕೂ ಬಾಸ್ಟನ್ ಯೂನಿವರ್ಸಿಟಿ ಮಧ್ಯದಲ್ಲೇ ಹೋಗುತ್ತದೆ. ಇಳಿದು ಅರ್ಧ ಗಂಟೆ ನಡೆಯಿರಿ. ನಗರದ ಬೀದಿಯೇ ಕ್ಯಾಂಪಸ್ ಆದರೆ ಹೇಗಿರುತ್ತದೆ ಅಂತ ಅವನಿಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಬುಧವಾರ ಬೆಳಗ್ಗೆ ರೆಡ್ ಲೈನ್‌ನಲ್ಲಿ ಕೆಂಡಲ್ ಸ್ಟೇಷನ್ನಿಗೆ ಹೋಗಿ ಎಂಐಟಿ. ಭೇಟಿಗೆ ಅಲ್ಲಿ ಮಾರ್ಕ್ಸ್ ಇಲ್ಲ ಅಂದೆನಲ್ಲ, ಆದರೂ ಬಾಸ್ಟನ್ನಿಗೆ ಹೋದಮೇಲೆ ಅರ್ಧ ದಿನ ಕೊಡಬಹುದು. ಮಧ್ಯಾಹ್ನ ಕಾರು ಹತ್ತಿ ಪಶ್ಚಿಮಕ್ಕೆ ಸುಮಾರು 90 ಮೈಲಿ ಹೋದರೆ ಆಮ್ಹರ್ಸ್ಟ್. ರಾತ್ರಿ ಅಲ್ಲಿ ತಂಗಿ, ಗುರುವಾರ ಯುಮಾಸ್ ನೋಡಿ ಮನೆಗೆ ವಾಪಸ್. ಶುಕ್ರವಾರ, ಶನಿವಾರ ಅವನಿಗೆ ಬಿಡಿ. ಮೇ ಮೊದಲೆರಡು ವಾರ ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆ ಇರುತ್ತದೆ, ಅದನ್ನೂ ನೋಡಬೇಕಲ್ಲ.

ನಾಲ್ಕನೆಯದು ರಟ್ಗರ್ಸ್. ನಿಮ್ಮ ಹಿತ್ತಲಲ್ಲೇ ಇದೆ. ಅದಕ್ಕೆ ಸ್ಪ್ರಿಂಗ್ ಬ್ರೇಕ್ ಖರ್ಚು ಮಾಡಬೇಡಿ, ಮಗನ ಸ್ಕೂಲಿಗೆ ರಜೆ ಇದ್ದು ರಟ್ಗರ್ಸ್‌ನಲ್ಲಿ ಕ್ಲಾಸ್ ನಡೆಯುವ ಯಾವುದಾದರೂ ದಿನ ಹೋಗಿ.

ಈ ನಾಲ್ಕೇ ಯಾಕೆ ಅಂದರೆ ನಾಲ್ಕೂ ನಾಲ್ಕು ಥರ. ಒಂದು ನಗರದ ನಡುವಿನ ಖಾಸಗಿ ಕಾಲೇಜು. ಇನ್ನೊಂದು ಸುಮಾರು 4,500 ಅಂಡರ್‌ಗ್ರಾಜುಯೇಟ್ ವಿದ್ಯಾರ್ಥಿಗಳ, ಓದಿನ ಕಾವು ಜಾಸ್ತಿ ಇರುವ ತಾಂತ್ರಿಕ ಸಂಸ್ಥೆ. ಮೂರನೆಯದು ಸಣ್ಣ ಊರಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ. ಕೊನೆಯದು ಮನೆ ಹತ್ತಿರದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯ. ಇವನ್ನು ನೋಡಿದ ಮೇಲೆ "ನನಗೆ ಸಿಟಿ ಬೇಡಪ್ಪ" ಅಂತಲೋ "ಸಣ್ಣ ಊರಲ್ಲಿ ಉಸಿರುಕಟ್ಟುತ್ತೆ" ಅಂತಲೋ ಅವನೇ ಹೇಳುತ್ತಾನೆ. ಹಾಗೆ ಹೇಳಿದ ದಿನ ನಿಮ್ಮ ಪಟ್ಟಿಯಲ್ಲಿ ಎರಡು ಹೆಸರು ತಾನಾಗಿ ಹೋಗುತ್ತವೆ.

ಫಿಲಡೆಲ್ಫಿಯಾದಲ್ಲಿ ಯುಪೆನ್, ಡ್ರೆಕ್ಸೆಲ್ ಎರಡೂ ಅಕ್ಕಪಕ್ಕ, ಬೆಳಗ್ಗೆ ಹೋಗಿ ಸಂಜೆ ಬರಬಹುದು. ಮೇರಿಲ್ಯಾಂಡ್ ಸುಮಾರು ಮೂರು ಗಂಟೆಯ ದಾರಿ. ವರ್ಜೀನಿಯಾ ಟೆಕ್ ಇರುವ ಬ್ಲಾಕ್ಸ್‌ಬರ್ಗ್ ವರ್ಜೀನಿಯಾ ರಾಜ್ಯದ ದೂರದ ಮೂಲೆ. ನಿಮ್ಮ ಮನೆಯಿಂದ ಏಳೆಂಟು ಗಂಟೆ ಡ್ರೈವ್. ಅದನ್ನು ಬಾಸ್ಟನ್ ಜೊತೆ ಒಂದೇ ವಾರಕ್ಕೆ ತುರುಕುವುದು ಅಂದರೆ ಕಾರಿನ ಕಿಟಕಿಯಿಂದ ಹೈವೇ ನೋಡಿದ ಹಾಗೆ ಅಷ್ಟೇ.

ಇದಕ್ಕೆ ಒಂದು ಉಪಾಯ ಇದೆ, ಬಹಳ ಜನಕ್ಕೆ ಹೊಳೆಯುವುದಿಲ್ಲ. ನ್ಯೂಜೆರ್ಸಿಯ ಹೆಚ್ಚಿನ ಸ್ಕೂಲುಗಳು ಶುರುವಾಗುವುದು ಸೆಪ್ಟೆಂಬರ್‌ನಲ್ಲಿ, ಲೇಬರ್ ಡೇ ಆಸುಪಾಸು. ವರ್ಜೀನಿಯಾ ಟೆಕ್, ಯುಪೆನ್ ಥರದ ಕಾಲೇಜುಗಳಲ್ಲಿ ಆಗಸ್ಟ್ ಕೊನೆಯ ವಾರವೇ ಕ್ಲಾಸ್ ಶುರು. ಆ ವಾರ ನಿಮ್ಮ ಮಗನಿಗೆ ರಜೆ, ಅಲ್ಲಿ ಕ್ಯಾಂಪಸ್ ಕಿಕ್ಕಿರಿದಿರುತ್ತದೆ. ಅರ್ಲಿ, ಅಂದರೆ ಮುಂಚಿತವಾಗಿ ಹಾಕುವ ಅರ್ಜಿಗಳಿಗೆ ಬಹಳ ಕಡೆ ನವೆಂಬರ್ 1 ಗಡುವು, ಅದಕ್ಕೂ ಎರಡು ತಿಂಗಳು ಮುಂಚೆ. ಜುಲೈನಲ್ಲಿ ಹೋಗಿ ಖಾಲಿ ಹುಲ್ಲುಹಾಸು ನೋಡುವುದಕ್ಕಿಂತ ಇದು ಎಷ್ಟೋ ಮೇಲು.

ಟೂರ್ ಮುಗಿದ ಮೇಲೆ

ರಟ್ಗರ್ಸ್ ನ್ಯೂ ಬ್ರನ್ಸ್‌ವಿಕ್ ಅಂದರೆ ಒಂದು ಕ್ಯಾಂಪಸ್ ಅಲ್ಲ, ಐದು. ಕಾಲೇಜ್ ಅವೆನ್ಯೂ, ಬುಶ್, ಲಿವಿಂಗ್‌ಸ್ಟನ್, ಕುಕ್, ಡಗ್ಲಸ್. ರಾರಿಟನ್ ನದಿಯ ಆಚೆ-ಈಚೆ ಹರಡಿಕೊಂಡಿವೆ. ಕಂಪ್ಯೂಟರ್ ಸೈನ್ಸ್ ಇರುವುದು ಬುಶ್‌ನಲ್ಲಿ. ಟೂರ್‌ನವರು "ಬಸ್ ಇದೆ, ತೊಂದರೆ ಇಲ್ಲ" ಅನ್ನುತ್ತಾರೆ. ನೀವು ಹೀಗೆ ಮಾಡಿ. ಕ್ಲಾಸ್ ಬದಲಾಗುವ ಹೊತ್ತಿಗೆ ಕಾಲೇಜ್ ಅವೆನ್ಯೂ ಸ್ಟಾಪ್‌ನಲ್ಲಿ ಮಗನನ್ನು ಒಬ್ಬನೇ ನಿಲ್ಲಿಸಿ, ಬುಶ್‌ಗೆ ಹೋಗಿ ಬಾ ಅನ್ನಿ. ಎಷ್ಟು ಬಸ್ ತುಂಬಿಕೊಂಡು ಹಾಗೇ ಹೋದವು, ಎಷ್ಟು ಹೊತ್ತು ನಿಂತ, ಬಸ್ಸಿನಲ್ಲಿ ಮಕ್ಕಳು ಏನು ಗೊಣಗುತ್ತಿದ್ದರು, ಎಲ್ಲಾ ಅವನಿಗೇ ಗೊತ್ತಾಗುತ್ತದೆ. ಕೆಲವರಿಗೆ ಇದು ತಲೆನೋವು. ಕೆಲವರಿಗೆ ಲೆಕ್ಕಕ್ಕೇ ಇಲ್ಲ, ಬಸ್ಸಲ್ಲೇ ನಿದ್ದೆ ಮಾಡುತ್ತಾರೆ. ನಿಮ್ಮ ಮಗ ಯಾವ ಗುಂಪು ಅಂತ ಬ್ರೋಷರ್ ಹೇಳುವುದಿಲ್ಲ.

ಯಾವ ಕಾಲೇಜಿಗೆ ಹೋದರೂ ಕಂಪ್ಯೂಟರ್ ಸೈನ್ಸ್ ಕಟ್ಟಡದಲ್ಲಿ ಸಾಯಂಕಾಲ ನಾಲ್ಕರ ಮೇಲೆ ಒಂದು ಸುತ್ತು ಹಾಕಿ. ಒಳಗೆ ಬಿಡದಿದ್ದರೆ ಬಾಗಿಲಿನ ಹತ್ತಿರವೇ ನಿಲ್ಲಿ. ಸಾರ್ವಜನಿಕರಿಗೆ ತೆರೆದ ಜಾಗವಾದರೆ ಕಾರಿಡಾರ್‌ನಲ್ಲಿ ಟಿಎ (ಟೀಚಿಂಗ್ ಅಸಿಸ್ಟೆಂಟ್) ಹತ್ತಿರ ಡೌಟ್ ಕೇಳಲು ಎಷ್ಟು ಮಕ್ಕಳು ಕಾಯುತ್ತಿದ್ದಾರೆ ನೋಡಿ. ನೆಲದ ಮೇಲೆ ಗೋಡೆಗೊರಗಿ, ತೊಡೆಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಪ್ಪತ್ತು ಜನ ಕೂತಿದ್ದರೆ ಅದಕ್ಕೆ ಎರಡು ಅರ್ಥ ಇರಬಹುದು. ಒಟ್ಟಿಗೆ ಕೂತು ಲೆಕ್ಕ ಬಿಡಿಸುವ ಸಂತೋಷದ ಗುಂಪು ಅದು. ಇಲ್ಲಾ, 300 ಜನರ ಕ್ಲಾಸಿಗೆ ಟಿಎ ಸಾಲದೆ ಸರದಿ ಕಾಯುವವರು. ಮುಖ ನೋಡಿದರೆ ಗೊತ್ತಾಗುತ್ತದೆ. ನೋಟಿಸ್ ಬೋರ್ಡ್ ಓದಿ, ಅದರ ಮೇಲಿನ ತಾರೀಖೂ ಓದಿ. ಹೋದ ವರ್ಷದ ಕ್ಲಬ್ಬಿನ ಪೋಸ್ಟರ್ ಇನ್ನೂ ಅಲ್ಲೇ ನೇತಾಡುತ್ತಿದ್ದರೆ ಆ ಕ್ಲಬ್ ಈಗ ಇದೆಯೋ ಇಲ್ಲವೋ ಕೇಳಬೇಕಾಗುತ್ತದೆ. ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ಓದಿ, ಎಂಐಟಿಯಲ್ಲಿ ದ ಟೆಕ್, ರಟ್ಗರ್ಸ್‌ನಲ್ಲಿ ಡೈಲಿ ಟಾರ್ಗಮ್. ಇದನ್ನು ಮನೆಯಲ್ಲಿ ಕೂತೇ ಮಾಡಬಹುದು. ಮಕ್ಕಳು ಯಾವುದರ ಬಗ್ಗೆ ಜಗಳ ಆಡುತ್ತಿದ್ದಾರೆ ಅಂತ ಅಲ್ಲಿ ಸಿಗುತ್ತದೆ.

ಒಂದು ಕ್ಲಾಸಿನಲ್ಲಿ ಕೂರಲು ಸಾಧ್ಯವಾದರೆ ಅದಕ್ಕಿಂತ ದೊಡ್ಡದು ಇಲ್ಲ. ಕೆಲವು ವಿಸಿಟ್ ಆಫೀಸುಗಳೇ ಹೊರಗಿನವರು ಕೂರಬಹುದಾದ ಕ್ಲಾಸುಗಳ ಪಟ್ಟಿ ಕೊಡುತ್ತವೆ. ಇಲ್ಲದಿದ್ದರೆ ಮಗ ಎರಡು-ಮೂರು ವಾರ ಮುಂಚೆ ವಿಭಾಗಕ್ಕೋ ಪ್ರೊಫೆಸರಿಗೋ ನಾಲ್ಕು ಸಾಲಿನ ಇಮೇಲ್ ಬರೆಯಲಿ. ಉತ್ತರ ಬಾರದೇ ಇರಬಹುದು, ಬಂದರೆ ಲಾಭ. ಹೇಳದೆ ಕೇಳದೆ ನುಗ್ಗುವುದು ಬೇಡ.

ಪ್ರಶ್ನೆ ಕೇಳುವುದರ ಬಗ್ಗೆ ಒಂದು ಮಾತು. "ಊಟ ಚೆನ್ನಾಗಿದೆಯಾ", "ಪ್ರೊಫೆಸರ್‌ಗಳು ಸಿಗ್ತಾರಾ" ಅಂತ ಕೇಳಿದರೆ "ಓ, ಚೆನ್ನಾಗಿದೆ" ಅನ್ನುವ ಉತ್ತರವೇ ಬರುವುದು. ನಡೆದ ಸಂಗತಿ ಕೇಳಬೇಕು. "ಈ ಸೆಮಿಸ್ಟರ್ ನಿನಗೆ ಬೇಕಿದ್ದ ಯಾವ ಕೋರ್ಸ್ ಸಿಗಲಿಲ್ಲ?" "ನಿನ್ನ ಅಡ್ವೈಸರ್‌ನ ಕೊನೇ ಸಲ ಯಾವಾಗ ನೋಡಿದೆ?" "ಹೋದ ಶನಿವಾರ ರಾತ್ರಿ ಏನು ಮಾಡಿದೆ?" ಇದನ್ನು ಗೈಡ್‌ಗೆ ಕೇಳುವುದಕ್ಕಿಂತ ಕ್ಯಾಂಟೀನಿನಲ್ಲಿ ಒಂಟಿಯಾಗಿ ಕೂತ ಮಕ್ಕಳಿಗೆ ಕೇಳಿದರೆ ಒಳ್ಳೆಯದು. ಪಕ್ಕದ ಹುಡುಗ ಹೈಸ್ಕೂಲ್ ಅಂತ ಗೊತ್ತಾದರೆ ಕಾಲೇಜು ಮಕ್ಕಳು ಮನಬಿಚ್ಚಿ ಮಾತಾಡುತ್ತಾರೆ. ಆದರೆ ಪಕ್ಕದಲ್ಲಿ ಅಮ್ಮ ನಿಂತಿದ್ದರೆ ಇಲ್ಲ.

ಕಂಪ್ಯೂಟರ್ ಸೈನ್ಸ್‌ಗೆ ಮಾತ್ರ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಈ ಮೇಜರ್ (ಪದವಿಯ ಮುಖ್ಯ ವಿಷಯ) ಒಳಗೆ ಹೋಗುವ ಬಾಗಿಲು ಯಾವುದು? ಎಂಐಟಿಯಲ್ಲಿ ಮೊದಲ ವರ್ಷ ಯಾರಿಗೂ ಮೇಜರ್ ಇಲ್ಲ, ಆಮೇಲೆ ಬೇಕಾದ್ದು ಆರಿಸಿಕೊಳ್ಳಬಹುದು. ಮೇರಿಲ್ಯಾಂಡ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೀಮಿತ ಪ್ರವೇಶದ ಕೋರ್ಸ್. ಬೇರೆ ಮೇಜರ್‌ನಲ್ಲಿ ಸೇರಿ ಆಮೇಲೆ ನುಸುಳೋಣ ಅನ್ನುವ ಲೆಕ್ಕಾಚಾರ ಅಲ್ಲಿ ಅಪಾಯ. ವರ್ಜೀನಿಯಾ ಟೆಕ್‌ನಲ್ಲಿ ಎಂಜಿನಿಯರಿಂಗ್ ಮಕ್ಕಳು ಮೊದಲು ಜನರಲ್ ಎಂಜಿನಿಯರಿಂಗ್ ಅಂತ ಸೇರಿ ಆಮೇಲೆ ಶಾಖೆಗೆ ಹೋಗುತ್ತಾರೆ, ಮೊದಲ ವರ್ಷದ ಗ್ರೇಡ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಟೂರ್ ಗೈಡ್ ಹೇಳಿದ್ದು ಸಾಲದು, ವಿಭಾಗದ ಅಡ್ವೈಸರ್ ಬಾಯಿಂದ ಕೇಳಿ. "ಹೋದ ವರ್ಷ ಎಷ್ಟು ಜನ ಬದಲಾಯಿಸಿಕೊಳ್ಳೋಕೆ ಕೇಳಿದ್ರು, ಎಷ್ಟು ಜನಕ್ಕೆ ಸಿಕ್ತು?" ಅಂತ ನೇರವಾಗಿ ಕೇಳಬಹುದು.

ಎಚ್-4 ವಿಷಯ

ಇದನ್ನು ನೀವು ಅರ್ಧ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಕಣ್ಣಿಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ನಾರ್ತ್‌ಈಸ್ಟರ್ನ್, ಡ್ರೆಕ್ಸೆಲ್ ಎರಡೂ ಕೋ-ಆಪ್‌ಗೆ ಹೆಸರಾದವು. ಓದಿನ ಮಧ್ಯೆ ಸುಮಾರು ಆರು ತಿಂಗಳು ಕಂಪನಿಯಲ್ಲಿ ಕೆಲಸ, ಸಾಮಾನ್ಯವಾಗಿ ಸಂಬಳ ಸಮೇತ. ಟೂರ್‌ನಲ್ಲಿ ಇದನ್ನೇ ಹಾಡಿ ಹೊಗಳುತ್ತಾರೆ, ಹೊಗಳಬೇಕಾದ್ದೇ. ಆದರೆ ಎಚ್-4ನಲ್ಲಿರುವ ಮಗ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಎಚ್-4 ಇಎಡಿ (ಕೆಲಸದ ಪರವಾನಗಿ) ಸಿಗುವುದು ಗಂಡ ಅಥವಾ ಹೆಂಡತಿಗೆ ಮಾತ್ರ, ಅದೂ ಕೆಲವರಿಗೆ. ಮಕ್ಕಳಿಗಿಲ್ಲ. ಅವನು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳಬೇಕು, ಆಮೇಲೆ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡಲು ಅನುಮತಿ) ಪಡೆಯಬೇಕು. ಸಿಪಿಟಿಗೆ ಸಾಮಾನ್ಯವಾಗಿ ಮೊದಲು ಒಂದು ಅಕಾಡೆಮಿಕ್ ವರ್ಷ ಮುಗಿದಿರಬೇಕು. ಮೊದಲ ಕೋ-ಆಪ್ ಯಾವಾಗ, ಎಫ್-1 ಬದಲಾವಣೆ ಯಾವಾಗ ಶುರು ಮಾಡಬೇಕು, ಎರಡೂ ತಾಳೆಯಾಗುತ್ತಾ, ಇದಕ್ಕೆ ಉತ್ತರ ಕೊಡುವುದು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸು. ನಾರ್ತ್‌ಈಸ್ಟರ್ನ್ ನೋಡುವ ಮಂಗಳವಾರ ಮಧ್ಯಾಹ್ನಕ್ಕೆ ಅಲ್ಲಿನ ಈ ಆಫೀಸಿನಲ್ಲಿ ಅಪಾಯಿಂಟ್‌ಮೆಂಟ್ ಈಗಲೇ ತೆಗೆದುಕೊಳ್ಳಿ. ಗ್ರೀನ್ ಕಾರ್ಡ್ ಬರದೇ ಇದ್ದರೆ 21 ತುಂಬಿದಾಗ ಎಚ್-4 ಹೇಗಿದ್ದರೂ ಮುಗಿಯುತ್ತದೆ, ಅಂದರೆ ಕಾಲೇಜಿನ ಮಧ್ಯದಲ್ಲಿ.

ಹಣದ ವಿಷಯವೂ ಹೀಗೇ. ಎಚ್-4 ಮಕ್ಕಳಿಗೆ ಫೆಡರಲ್ ಸಹಾಯಧನ ಸಿಗುವುದಿಲ್ಲ. ಕಾಲೇಜು ತನ್ನ ಜೇಬಿನಿಂದ ಕೊಡುವ ಸಹಾಯಕ್ಕೆ ಅವನನ್ನು ಇಲ್ಲಿಯವನು ಅಂತ ಲೆಕ್ಕ ಹಾಕುತ್ತಾರಾ, ಇಂಟರ್‌ನ್ಯಾಷನಲ್ ಅಂತಲಾ? ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇನ್-ಸ್ಟೇಟ್ ಫೀ (ಆ ರಾಜ್ಯದವರಿಗೆ ಇರುವ ಕಡಿಮೆ ಫೀ) ಸಿಗುತ್ತಾ? ಎಫ್-1ಗೆ ಬದಲಾದ ಮೇಲೂ ಅದು ಉಳಿಯುತ್ತಾ? ಒಂದೊಂದು ಕಡೆ ಒಂದೊಂದು ನಿಯಮ. ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ ಹದಿನೈದು ನಿಮಿಷ ಕೇಳಿ, ಮನೆಗೆ ಬಂದು ಅದೇ ಪ್ರಶ್ನೆ ಇಮೇಲ್ ಮಾಡಿ ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಹೊರಡುವ ಮುಂಚೆ ಪ್ರತಿ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನಿಮಗೆ ನಿಜವಾಗಿ ಬೀಳುವ ಖರ್ಚಿನ ಅಂದಾಜು) ತುಂಬಿ ನೋಡಿ. 2011ರಿಂದ ಅದನ್ನು ವೆಬ್‌ಸೈಟಿನಲ್ಲಿ ಇಡುವುದು ಕಡ್ಡಾಯ. ನಿಮ್ಮ ವೀಸಾಕ್ಕೆ ಆ ಅಂದಾಜು ಪೂರ್ತಿ ಹೊಂದದೇ ಇರಬಹುದು. ಆದರೆ ಕೈಗೆ ಎಟುಕದ ಕಾಲೇಜನ್ನು ಮಗ ಮೆಚ್ಚಿಕೊಂಡ ಮೇಲೆ ಬೇಡ ಅನ್ನುವುದಕ್ಕಿಂತ ಮೊದಲೇ ತಿಳಿದಿರುವುದು ಮೇಲು.

ಇವೆಲ್ಲ ಅಪ್ಪ-ಅಮ್ಮನ ಕೆಲಸ. ಸುರಕ್ಷತೆಯೂ ನಿಮ್ಮದೇ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಅನ್ನುವ ವಿದ್ಯಾರ್ಥಿನಿಯ ಕೊಲೆಯಾಯಿತು. ಅವಳ ಅಪ್ಪ-ಅಮ್ಮ ಹೋರಾಡಿದ್ದರಿಂದ 1990ರಲ್ಲಿ ಕ್ಲೆರಿ ಕಾಯ್ದೆ ಬಂತು. ಅದರ ಪ್ರಕಾರ ಕಾಲೇಜುಗಳು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಕ್ಯಾಂಪಸ್ ಅಪರಾಧಗಳ ವರದಿ ಹಾಕಬೇಕು. ಕ್ಯಾಂಪಸ್ ಪೊಲೀಸರ ಹತ್ತಿರ ಕಳೆದ 60 ದಿನದ ಅಪರಾಧ ದಾಖಲೆ ಯಾರು ಕೇಳಿದರೂ ನೋಡಲು ಸಿಗಬೇಕು. ಗೈಡ್ ಹತ್ತಿರ "ಇಲ್ಲಿ ಸೇಫಾ?" ಅಂತ ಕೇಳುವುದಕ್ಕಿಂತ ಇದನ್ನು ಓದಿ.

ನೀವು ಹಿಂದೆ ಇರಿ

ಬೇಜಾರು ಮಾಡಿಕೊಳ್ಳಬೇಡಿ, ಇದು ನಾನೇ ಮಾಡಿದ ತಪ್ಪು. ನನ್ನ ಮಗಳ ಮೊದಲ ಟೂರ್‌ನಲ್ಲಿ ನಾನು ಗೈಡ್ ಪಕ್ಕದಲ್ಲೇ ನಡೆಯುತ್ತ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವನು ಅಲ್ವಾ! ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಮಗಳು ಇಲ್ಲ. ಗುಂಪಿನ ಕೊನೆಯಲ್ಲಿ ಇನ್ಯಾವುದೋ ಕುಟುಂಬದ ಜೊತೆ ಸೇರಿಕೊಂಡಿದ್ದಳು. ಟೂರ್ ಮುಗಿದಾಗ ಆ ಹೆಂಗಸು ನನ್ನ ಹತ್ತಿರ ಬಂದು "ಈ ಹುಡುಗಿಯ ಅಪ್ಪ-ಅಮ್ಮ ಬಂದಿಲ್ಲವಂತೆ, ಲೈಬ್ರರಿಗೆ ದಾರಿ ಗೊತ್ತಾ?" ಅಂತ ಕೇಳಿದರು. ನಾನು ಏನಂತ ಹೇಳಲಿ?

ಅವತ್ತಿನಿಂದ ಪ್ರಶ್ನೆಯೆಲ್ಲ ಅವಳದು, ಆಫೀಸಿನ ಕಾಗದಪತ್ರ ನನ್ನದು. ಮಗ ಕಾಲೇಜು ಸೇರಿದ ಮೇಲೆ ಫೆರ್ಪಾ ಅನ್ನುವ ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಯ ಕಾಯ್ದೆಯ ಪ್ರಕಾರ ಅವನ ಗ್ರೇಡು ನೋಡುವ ಹಕ್ಕೂ ಅವನದೇ. ನೀವು ಫೋನ್ ಮಾಡಿ ಕೇಳಿದರೆ ಸಾಮಾನ್ಯವಾಗಿ ಹೇಳುವುದಿಲ್ಲ. ಈಗಿಂದಲೇ ಅಭ್ಯಾಸವಾಗಲಿ.

ಪ್ರತಿ ಕಾಲೇಜಿನಿಂದ ಹೊರಟ ತಕ್ಷಣ, ಕಾರು ಸ್ಟಾರ್ಟ್ ಮಾಡುವ ಮುಂಚೆ, ಐದು ನಿಮಿಷ ಸುಮ್ಮನಿದ್ದು ಅವನು ಫೋನಿನಲ್ಲಿ ತನ್ನ ಮಾತು ರೆಕಾರ್ಡ್ ಮಾಡಿಕೊಳ್ಳಲಿ. ನಿಮ್ಮ ಅಭಿಪ್ರಾಯ ಆಮೇಲೆ. ನೀವು ಮೊದಲು "ನನಗಂತೂ ಇಷ್ಟ ಆಯ್ತಪ್ಪ" ಅಂದರೆ ಅವನು ಅದರ ಪರವೋ ವಿರುದ್ಧವೋ ಮಾತಾಡುತ್ತಾನೆ, ತನ್ನದನ್ನು ಹೇಳುವುದಿಲ್ಲ. "ಈ ಕಾಲೇಜೇ ಯಾಕೆ" ಅನ್ನುವ ಪ್ರಬಂಧ ಬರೆಯುವಾಗ ಈ ರೆಕಾರ್ಡಿಂಗ್ ಕೈಹಿಡಿಯುತ್ತದೆ.

ಆ ಐದು ನಿಮಿಷದಲ್ಲಿ ಅವತ್ತು ಮಳೆ ಇತ್ತಾ, ಬಿಸಿಲಿತ್ತಾ ಅನ್ನುವುದನ್ನೂ ಸೇರಿಸಲಿ. ತಮಾಷೆಯಲ್ಲ. ಯೂರಿ ಸೈಮನ್ಸನ್ ಅನ್ನುವ ಸಂಶೋಧಕರು ಓದು ಕಠಿಣ ಅಂತ ಹೆಸರಿದ್ದ ಒಂದು ಕಾಲೇಜಿಗೆ ಭೇಟಿ ಕೊಟ್ಟ 1,200ಕ್ಕೂ ಹೆಚ್ಚು ಮಕ್ಕಳ ಲೆಕ್ಕ ತೆಗೆದು 2010ರಲ್ಲಿ ಪ್ರಕಟಿಸಿದರು. ಮೋಡ ಜಾಸ್ತಿ ಇದ್ದ ದಿನ ಬಂದವರು ಆ ಕಾಲೇಜಿಗೆ ಸೇರುವುದು ಹೆಚ್ಚಿತ್ತು! ಹೊರಗೆ ಆಡುವ ಆಸೆ ಇಲ್ಲದ ದಿನ ಓದು ಹಿತವಾಗಿ ಕಾಣುತ್ತದೆ ಅನ್ನುವುದು ಅವರ ವಿವರಣೆ. ನಾಲ್ಕು ವರ್ಷದ ಜಾಗವನ್ನು ಒಂದು ದಿನದ ಮೋಡ ತೀರ್ಮಾನಿಸದಿರಲಿ.

ನಿಮ್ಮ ಯಜಮಾನರ ಮಾತೂ ಪೂರ್ತಿ ತಪ್ಪಲ್ಲ. ಕಟ್ಟಡ, ರೂಮು, ಮೈದಾನ ಎಲ್ಲಾ ವಿಡಿಯೋದಲ್ಲಿ ಸಿಗುತ್ತದೆ. ಮೇರಿಲ್ಯಾಂಡ್, ಬಾಸ್ಟನ್ ಯೂನಿವರ್ಸಿಟಿಗಳನ್ನು ಸದ್ಯಕ್ಕೆ ಹಾಗೇ ನೋಡಿ. ಮುಂದಿನ ವರ್ಷ ಸೀಟು ಸಿಕ್ಕರೆ ಏಪ್ರಿಲ್‌ನಲ್ಲಿ ಅಡ್ಮಿಟೆಡ್ ಸ್ಟೂಡೆಂಟ್ ಡೇ ಇರುತ್ತದೆ, ಆಗ ಹೋಗಿ. ಕೈಯಲ್ಲಿ ಸೀಟು, ಖರ್ಚಿನ ಪತ್ರ ಎರಡೂ ಇರುವಾಗ ನೋಡುವ ಕಣ್ಣೇ ಬೇರೆ. ದೂರದ ಕಾಲೇಜಿಗೆ ಒಂದೇ ಸಲ ಹೋಗಲು ಸಾಧ್ಯ ಅಂದರೆ ಆ ಒಂದು ಸಲವನ್ನು ಅವತ್ತಿಗೆ ಉಳಿಸಿಕೊಳ್ಳಿ. ಅರ್ಲಿ ಡಿಸಿಷನ್ ಹಾಕುವ ಕಾಲೇಜು ಮಾತ್ರ ಇದಕ್ಕೆ ಹೊರತು. ಅಲ್ಲಿ ಸೀಟು ಸಿಕ್ಕರೆ ಸೇರಲೇಬೇಕು, ನೋಡದೆ ಹಾಕಬೇಡಿ.

ಇನ್ನು ಅತ್ತೆ-ಮಾವ. ಕರೆದುಕೊಂಡು ಹೋಗಿ, ಯಾಕಾಗಬಾರದು? ಬಾಸ್ಟನ್ನಿಗೆ ಬೇಡ. ಏಪ್ರಿಲ್‌ನಲ್ಲಿ ಅಲ್ಲಿನ ಗಾಳಿ ಊರಿಂದ ಈಗಷ್ಟೇ ಬಂದವರಿಗೆ ಕಷ್ಟ, ಒಂದೂವರೆ ಗಂಟೆ ನಿಲ್ಲದೆ ನಡೆಯಬೇಕು. ರಟ್ಗರ್ಸ್ ದಿನ ಕರೆದುಕೊಂಡು ಹೋಗಿ. ಮಂಡಿ ನೋವಿದ್ದರೆ ರಿಜಿಸ್ಟರ್ ಮಾಡುವಾಗಲೇ ಬರೆಯಿರಿ, ಮುಂಚೆ ಹೇಳಿದರೆ ಏನಾದರೂ ವ್ಯವಸ್ಥೆ ಮಾಡುತ್ತಾರೆ. ಇಲ್ಲವಾದರೆ ಸ್ಟೂಡೆಂಟ್ ಸೆಂಟರ್‌ನಲ್ಲಿ ಕಿಟಕಿ ಪಕ್ಕ ಕೂರಿಸಿ ಕಾಫಿ ಕೊಡಿಸಿ. ಎರಡು ಗಂಟೆ ಅಲ್ಲಿ ಕೂತವರು, ಯಾವ ಮಕ್ಕಳು ಗುಂಪಾಗಿ ತಿಂದರು, ಯಾರು ಒಬ್ಬರೇ ಫೋನ್ ನೋಡುತ್ತ ತಿಂದು ಎದ್ದುಹೋದರು ಅಂತ ಅಷ್ಟೂ ನೋಡಿರುತ್ತಾರೆ. ವಾಪಸ್ ಬರುವಾಗ ಕಾರಿನಲ್ಲಿ ಅವರನ್ನೂ ಕೇಳಿ. ಮಗನ ರೆಕಾರ್ಡಿಂಗ್ ಮುಗಿದ ಮೇಲೆ.